ನೋವು ಅಂದರೆ ಯಾವ ನೋವು, ಮೊದಲು ಅದನ್ನು ಹೇಳಿ

ಹೋದ ತಿಂಗಳು ನಮ್ಮ ಊರಿನ ಸಮುದಾಯ ಭವನದಲ್ಲಿ ನೋವಿನ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಆಮೇಲೆ ಕೆಲವರು, ಬರೆದು ಕೊಡಿ, ಬೆಂಗಳೂರಲ್ಲಿರೋ ಮಕ್ಕಳಿಗೆ ಕಳಿಸಬೇಕು ಅಂದರು. ಮಾತಾಡಿದ ಹಾಗೇ ಬರೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಈ ಕಡೆ 26 ವರ್ಷದಿಂದ ಡಾಕ್ಟರ್. ಸ್ಪೆಷಲಿಸ್ಟ್ ಅಲ್ಲ, ನೀವು ಹೇಳುವ ಹಾಗೆ ಮನೆ ಡಾಕ್ಟರ್. ಕ್ಲಿನಿಕ್ಕಿಗೆ ಬರುವವರಲ್ಲಿ ಜಾಸ್ತಿ ಜನರ ಮೊದಲ ಮಾತು "ನೋವು". ಎಲ್ಲಿ ಅಂದರೆ ಕೈಯಿಂದ ತೋರಿಸುತ್ತೀರಿ. ಎಷ್ಟು ದಿನದಿಂದ ಅಂದರೆ, ಗೌರಿ ಹಬ್ಬದಿಂದ, ಅಡಿಕೆ ಕೊಯ್ಲಿನಿಂದ ಅಂತ ಲೆಕ್ಕ ಹೇಳುತ್ತೀರಿ. ಯಾವ ಥರದ ನೋವು ಅಂದರೆ ಮಾತ್ರ ನಿಂತುಬಿಡುತ್ತೀರಿ. "ನೋವು ಅಂದ್ರೆ ನೋವು ಡಾಕ್ಟ್ರೇ!"

ಮನೆಯಲ್ಲಿ ನೀವು ಹಾಗೆ ಹೇಳುವುದಿಲ್ಲ, ಅಲ್ವಾ? ಮನೆಯಲ್ಲಿ ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಮೈಕೈ ಮುರಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಕಾಲು ಸೆಳೆಯುತ್ತದೆ, ಪಾದ ಉರಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಬೆನ್ನಲ್ಲಿ ಚಳುಕು ಬರುತ್ತದೆ, ಎದೆ ಹಿಂಡಿದ ಹಾಗಾಗುತ್ತದೆ. ಡಾಕ್ಟರ ಮುಂದೆ ಕೂತ ಕೂಡಲೇ ಇದೆಲ್ಲ ಹಳ್ಳಿ ಮಾತು ಅಂತ ನುಂಗಿಕೊಂಡು "ಪೇನ್ ಇದೆ" ಅನ್ನುತ್ತೀರಿ. ಇವತ್ತು ನಾನು ಕೇಳಿಕೊಳ್ಳುವುದು ಇದೊಂದೇ. ಆ ಮನೆ ಮಾತುಗಳನ್ನೇ ನನ್ನ ಮುಂದೆ ಹೇಳಿ. ಸ್ಕ್ಯಾನಿಂಗ್ ಮಾಡಿದರೂ ಕಾಣದ ಎಷ್ಟೋ ವಿಷಯ ಆ ಮಾತಿನಲ್ಲಿ ಇರುತ್ತದೆ.

ಹೇಗೆ ಅಂತ ಹೇಳುತ್ತೇನೆ. ಮಂಡಿ ನೋವು ಅಂತ ಇಬ್ಬರು ಬರುತ್ತಾರೆ ಅಂತಿಟ್ಟುಕೊಳ್ಳಿ. ಒಬ್ಬರು, ಮೆಟ್ಟಿಲು ಹತ್ತಿ ಇಳಿದರೆ ಜಾಸ್ತಿ, ಕೂತರೆ ಕಡಿಮೆ, ಸಂಜೆ ಹೊತ್ತಿಗೆ ಸಾಕಾಗಿ ಹೋಗುತ್ತದೆ ಅನ್ನುತ್ತಾರೆ. ಅದು ಹೆಚ್ಚಾಗಿ ಸವೆತ. ಇನ್ನೊಬ್ಬರು, ಬೆಳಿಗ್ಗೆ ಎದ್ದಾಗ ಮಂಡಿಯ ಜೊತೆ ಕೈಬೆರಳೂ ಮಡಚೋಕೆ ಬರಲ್ಲ, ಕೊಟ್ಟಿಗೆಗೆ ಹೋದರೆ ಹಾಲು ಕರೆಯೋಕೆ ಆಗಲ್ಲ, ಒಂದು ಗಂಟೆ ಬಿಟ್ಟು ಸಡಿಲ ಆಗುತ್ತದೆ ಅನ್ನುತ್ತಾರೆ. ಇಲ್ಲಿ ಕೀಲಿನ ಒಳಗೇ ಉರಿಯೂತ ಇದೆ ಅಂತ ಅನುಮಾನ ಪಡಬೇಕು. ಸಂಧಿವಾತ ಇರಬಹುದು. ಅದಕ್ಕೆ ಬೇರೆ ಔಷಧಿ ಇದೆ, ಬೇಗ ಶುರು ಮಾಡಿದರೆ ಬೆರಳು ಸೊಟ್ಟ ಆಗುವುದನ್ನು ತಡೆಯಬಹುದು. ಇಬ್ಬರಿಗೂ ಒಂದೇ ನೋವಿನ ಮಾತ್ರೆ ಬರೆದು ಕಳಿಸಿದರೆ ಎರಡನೆಯವರಿಗೆ ದೊಡ್ಡ ಅನ್ಯಾಯ ಆಗುತ್ತದೆ.

ಎದೆ ಹಿಂಡಿದ ಹಾಗೆ, ಮೇಲೆ ಯಾರೋ ಕೂತ ಹಾಗೆ ಭಾರ, ಅದು ಎಡಗೈಗೋ ದವಡೆಗೋ ಹರಿಯುತ್ತದೆ, ಮೈ ಬೆವರುತ್ತದೆ ಅಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರಬೇಡಿ. ನನ್ನ ಹತ್ತಿರವೂ ಬರಬೇಡಿ. ನೇರ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಸಿರು ಕಟ್ಟುವುದು ಇಷ್ಟೇ ಇರಬಹುದು.

ಇನ್ನು "ಉರಿ". ಈ ಒಂದು ಪದಕ್ಕಾಗಿ ನಾನು ಎಷ್ಟೋ ಸಲ ಕಾದಿದ್ದೇನೆ. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ ಒಬ್ಬರು ಅಮ್ಮ, 60ರ ಹತ್ತಿರದ ವಯಸ್ಸು, ಎರಡು ವರ್ಷ ಕಾಲು ನೋವು ಕಾಲು ನೋವು ಅಂತ ಅಲೆದಿದ್ದರು. ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತು ಕೆಲಸ ಮಾಡುವವರು, ಸೊಂಟದ್ದೋ ಮಂಡಿಯದ್ದೋ ಇರಬೇಕು ಅಂತ ಎಲ್ಲರೂ ನೋವಿನ ಮಾತ್ರೆ ಕೊಟ್ಟಿದ್ದರು. ನಾನೂ ಒಂದು ಸಲ ಕೊಟ್ಟಿದ್ದೆ. ಒಂದು ದಿನ ಮಗಳು ಜೊತೆಗೆ ಬಂದಿದ್ದಳು. ಅವಳು ಹೇಳಿದಳು, "ಅಮ್ಮ ರಾತ್ರಿ ಕಾಲಿಗೆ ಹೊದಿಕೆ ತಾಗೋಕೆ ಬಿಡಲ್ಲ ಡಾಕ್ಟ್ರೇ, ಎದ್ದು ಹೋಗಿ ಬಚ್ಚಲಲ್ಲಿ ಪಾದಕ್ಕೆ ತಣ್ಣೀರು ಹೊಯ್ಕೊಳ್ತಾಳೆ." ಅಮ್ಮ ಆಗ ಮೆಲ್ಲಗೆ, "ಉರೀತದೆ, ಕೆಂಡದ ಮೇಲೆ ನಿಂತ ಹಾಗೆ" ಅಂದರು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ 280. ಸಕ್ಕರೆ ಕಾಯಿಲೆಯಿಂದ ಪಾದದ ನರಗಳೇ ಹಾಳಾಗಿದ್ದವು. ನರದಿಂದ ಹುಟ್ಟುವ ಈ ನೋವಿಗೆ ಡೈಕ್ಲೋಫಿನಾಕ್‌ನಂಥ ಮಾಮೂಲಿ ನೋವಿನ ಮಾತ್ರೆ ಎಷ್ಟು ನುಂಗಿದರೂ ಗುಣ ಕಾಣುವುದಿಲ್ಲ.

ಅವರಿಗೆ ಸಕ್ಕರೆಗೆ ಔಷಧಿ, ಜೊತೆಗೆ ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದೆ. ಹತ್ತು ದಿನ ಬಿಟ್ಟು ಬಂದರು, ಮಾತ್ರೆ ಮುಟ್ಟೇ ಇರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಯಾರೋ "ಇದು ತಲೆ ಕೆಟ್ಟವರಿಗೆ ಕೊಡೋ ಮಾತ್ರೆ" ಅಂದಿದ್ದರಂತೆ. ತಪ್ಪು ನನ್ನದೇ, ಬರೆದುಕೊಡುವಾಗ ನಾನು ವಿವರಿಸಿರಲಿಲ್ಲ. ಅದು ಮೂಲದಲ್ಲಿ ಖಿನ್ನತೆಗೆ ಬಂದ ಔಷಧಿ ಹೌದು. ಖಿನ್ನತೆಗೆ ಕೊಡುವುದಕ್ಕಿಂತ ತುಂಬಾ ಕಡಿಮೆ ಪ್ರಮಾಣದಲ್ಲಿ ಅದು ನರದ ನೋವು ಮೆದುಳಿಗೆ ಮುಟ್ಟುವ ದಾರಿಯನ್ನು ತಗ್ಗಿಸುತ್ತದೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಸ್ವಲ್ಪ ಮಂಪರು ಇರುತ್ತದೆ, ಗುಣ ಕಾಣೋಕೆ ಎರಡು ಮೂರು ವಾರ ಬೇಕು. ಇಷ್ಟು ಹೇಳಿದ ಮೇಲೆ ತಗೊಂಡರು. ಒಂದು ತಿಂಗಳಾದ ಮೇಲೆ ಬಂದು, ಹೊದ್ದುಕೊಂಡು ಮಲಗಿದೆ ಅಂದರು. ಉರಿ ಪೂರ್ತಿ ಹೋಗಿರಲಿಲ್ಲ. ಆದರೂ ಹೊದ್ದುಕೊಂಡು ಮಲಗಿದ್ದರು.

ಸರ್ಪಸುತ್ತಿನ ನೋವೂ ಇದೇ ಜಾತಿ. ಮೈಯ ಒಂದೇ ಬದಿಗೆ ಪಟ್ಟಿ ಕಟ್ಟಿದ ಹಾಗೆ ಉರಿ, ಎರಡು ಮೂರು ದಿನಕ್ಕೆ ಗುಳ್ಳೆ. ಕೆಮ್ಮಣ್ಣು ಹಚ್ಚಿಸಿಕೊಂಡು, ಮಂತ್ರ ಹಾಕಿಸಿಕೊಂಡು ವಾರ ಬಿಟ್ಟು ಬರುತ್ತೀರಿ. ಗುಳ್ಳೆ ಎದ್ದ 72 ಗಂಟೆಯ ಒಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಒಳ್ಳೆಯದು. ಮಂತ್ರ ಬೇಕಿದ್ದರೆ ಆಮೇಲೆ ಹಾಕಿಸಿ, ಮೊದಲು ಬನ್ನಿ.

ಈಗ ಸೊಂಟಕ್ಕೆ ಬರೋಣ. ಇಲ್ಲಿ ಕೂತವರಲ್ಲಿ ಸೊಂಟ ಹಿಡಿದುಕೊಳ್ಳದವರು ಯಾರೂ ಇಲ್ಲ. ಭಾರ ಎತ್ತುವಾಗಲೋ ಬಗ್ಗುವಾಗಲೋ ಹಿಡಿದುಕೊಳ್ಳುವ ಈ ನೋವು ಜಾಸ್ತಿ ಜನರಿಗೆ ಕೆಲವು ವಾರಗಳಲ್ಲಿ ತಾನಾಗೇ ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1,600ಕ್ಕೂ ಹೆಚ್ಚು ಸೊಂಟನೋವಿನವರ ಮೇಲೆ ಮಾಡಿದ ಒಂದು ಅಧ್ಯಯನ 2014ರಲ್ಲಿ ಬಂತು. ಪ್ಯಾರಸಿಟಮಾಲ್ ತಗೊಂಡವರು ಸುಮಾರು 17 ದಿನಕ್ಕೆ ಸುಧಾರಿಸಿದರು, ಔಷಧಿಯೇ ಇಲ್ಲದ ಹುಸಿ ಮಾತ್ರೆ ತಗೊಂಡವರು 16 ದಿನಕ್ಕೆ. ಸೊಂಟನೋವಿಗೆ ನಾವೆಲ್ಲ ಕಣ್ಣು ಮುಚ್ಚಿ ಮೊದಲು ಬರೆಯುತ್ತಿದ್ದ ಮಾತ್ರೆ ಅದು. ಮಲಗಿಬಿಡಿ ಅನ್ನುತ್ತಿದ್ದ ಹಳೇ ಸಲಹೆಯೂ ಈಗ ಬಿದ್ದುಹೋಗಿದೆ. ಆಗುವಷ್ಟು ಓಡಾಡಿ, ಮನೆ ಕೆಲಸ ಮಾಡಿ, ಬಿಸಿ ಕಾವು ಕೊಡಿ. ಮಲಗಿದಷ್ಟೂ ಸೊಂಟ ಬಿಗಿಯುತ್ತದೆ.

"ಒಂದು ಎಂಆರ್‌ಐ ಬರೆದುಕೊಡಿ ಡಾಕ್ಟ್ರೇ" ಅಂತ ಕೇಳುತ್ತೀರಿ. ಶಿವಮೊಗ್ಗಕ್ಕೆ ಹೋಗಿ ದುಡ್ಡು ಕೊಟ್ಟು ಬರುತ್ತೀರಿ. ವರದಿಯಲ್ಲಿ ಡಿಸ್ಕ್ ಸವೆದಿದೆ ಅಂತ ಇರುತ್ತದೆ, ಅಲ್ಲಿಂದ ನಿಮ್ಮ ನಿದ್ದೆ ಹೋಗುತ್ತದೆ. ಯಾವ ನೋವೂ ಇಲ್ಲದ ಆರೋಗ್ಯವಂತರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2015ರಲ್ಲಿ ಒಂದು ಲೆಕ್ಕ ಬಂತು. 20 ವರ್ಷದವರಲ್ಲೇ ಶೇಕಡ 37 ಜನಕ್ಕೆ ಡಿಸ್ಕ್ ಸವೆತ ಕಂಡಿತು, 80 ವರ್ಷದವರಲ್ಲಿ ಶೇಕಡ 96. ತಲೆಗೂದಲು ಬೆಳ್ಳಗಾದ ಹಾಗೆ ಅದೂ ವಯಸ್ಸಿನ ಜೊತೆ ಬರುವಂಥದ್ದು. ಸ್ಕ್ಯಾನಿನಲ್ಲಿ ಕಂಡದ್ದೆಲ್ಲ ನಿಮ್ಮ ನೋವಿಗೆ ಕಾರಣ ಅಂತ ತಿಳಿಯಬೇಡಿ.

ಹಾಗಂತ ಎಲ್ಲ ಸೊಂಟನೋವನ್ನೂ ಹಾಗೇ ಬಿಡೋಕಾಗಲ್ಲ. ಇದನ್ನು ಹೇಳುವಾಗ ನನಗೆ ಒಬ್ಬರ ನೆನಪು ಬರುತ್ತದೆ. 45 ವರ್ಷದ ಗಟ್ಟಿ ಆಳು, ಲಾರಿಗೆ ಲೋಡು ಹಾಕುವವರು. ಬೆನ್ನು ನೋವು ಅಂದರು. ಲೋಡಿಂಗ್ ಕೆಲಸ, ಬೆನ್ನು ನೋವು ಬಂದೇ ಬರುತ್ತದೆ ಅಂದುಕೊಂಡು ಮಾತ್ರೆ ಕೊಟ್ಟೆ. ಆರು ವಾರದಲ್ಲಿ ಮೂರು ಸಲ ಬಂದರು, ಮೂರು ಸಲವೂ ಮಾತ್ರೆ ಬದಲಾಯಿಸಿದೆ. ನಾಲ್ಕನೇ ಸಲ ಹೆಂಡತಿ ಜೊತೆಗೆ ಬಂದರು. ಅವರು ಗಂಡನ ಅಂಗಿಯನ್ನು ಹೆಗಲ ಹತ್ತಿರ ಹಿಡಿದು ತೋರಿಸಿದರು. ಅಂಗಿ ಜೋಲುತ್ತಿತ್ತು. "ಯುಗಾದಿಗೆ ಹೊಲಿಸಿದ್ದು ಡಾಕ್ಟ್ರೇ, ಆಗ ಸರೀ ಇತ್ತು." ರಾತ್ರಿ ಮಲಗಿದರೂ ನೋವು, ಸಂಜೆಗೆ ಜ್ವರ, ಬೆವರು. ಬೆನ್ನುಮೂಳೆಗೆ ಕ್ಷಯ ತಗುಲಿತ್ತು. ಒಂದೂವರೆ ವರ್ಷ ಔಷಧಿ ತಗೊಂಡು ಈಗ ಚೆನ್ನಾಗಿದ್ದಾರೆ. ಆದರೆ ಆ ಆರು ವಾರ ಹೋಗಿದ್ದು ನನ್ನಿಂದ. ತೂಕ ಇಳಿದಿದೆಯಾ, ರಾತ್ರಿ ನೋವಿದೆಯಾ ಅಂತ ನಾನು ಕೇಳಿರಲೇ ಇಲ್ಲ. ಅವತ್ತಿನಿಂದ ಬೆನ್ನು ನೋವು ಅಂತ ಬಂದವರನ್ನು ಮೊದಲು ತಕ್ಕಡಿ ಮೇಲೆ ನಿಲ್ಲಿಸುತ್ತೇನೆ.

ನೀವೂ ನೆನಪಿಟ್ಟುಕೊಳ್ಳಿ. ಬೆನ್ನು ನೋವಿನ ಜೊತೆ ಜ್ವರ, ತೂಕ ಇಳಿಯುವುದು, ಹಿಂದೆ ಯಾವಾಗಲೋ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾಗಿದ್ದು, ಮಲಗಿದರೂ ಬಿಡದ ನೋವು ಇದ್ದರೆ ಹೇಳಲೇಬೇಕು. ಮೂತ್ರ ಕಟ್ಟಿದರೆ, ಮೂತ್ರ ಮಲ ಹಿಡಿತಕ್ಕೆ ಸಿಗದಿದ್ದರೆ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಕಾಲು ಎತ್ತಿ ಇಡೋಕೆ ಬಲ ಇಲ್ಲದಿದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಮೂರು ತಿಂಗಳು ದಾಟಿದ ನೋವಿನ ದಾರಿ ಬೇರೆ. ಗಾಯ ಮಾಗಿದರೂ ನರಮಂಡಲ ಸುಮ್ಮನಾಗುವುದಿಲ್ಲ. ಸಣ್ಣ ತಾಗುವಿಕೆಗೂ ದೊಡ್ಡದಾಗಿ ಕೂಗುತ್ತದೆ. ನಿದ್ದೆ ಕೆಟ್ಟರೆ, ಸಾಲ, ಚಿಂತೆ, ಮನೆ ಜಗಳ ಇದ್ದರೆ ಇನ್ನೂ ಜಾಸ್ತಿ. ನೋವಿನ ತಜ್ಞರ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವು ಅಂದರೇನು ಅನ್ನುವುದನ್ನು ತಿದ್ದಿ ಬರೆಯಿತು. ನೋವು ಆಗುತ್ತಿದೆ ಅಂತ ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಅಂತಲೂ ಅದರಲ್ಲಿ ಸೇರಿಸಿತು. ಸ್ಕ್ಯಾನ್ ನಾರ್ಮಲ್ ಅಂದಮೇಲೆ ನೋವು ನಾಟಕ ಅನ್ನುವ ಮನೆಯವರಿಗೆ, ಅನ್ನುವ ಡಾಕ್ಟರಿಗೂ, ಇದನ್ನು ತಿಳಿಸಬೇಕು. ಇಂಥ ನೋವಿಗೆ ಮಾತ್ರೆ ಮಾಡುವುದು ಸ್ವಲ್ಪ. ನಡಿಗೆ, ವ್ಯಾಯಾಮ, ನಿದ್ದೆ, ಮನಸ್ಸಿನ ಭಾರ ಇಳಿಸುವುದು, ಇವು ಮಾಡುವುದೇ ಜಾಸ್ತಿ. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ರಾಜ್ಯವನ್ನೆಲ್ಲ ಮಲಗಿಸಿತ್ತು, ನೆನಪಿದೆಯಾ? ಜ್ವರ ಹೋದ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡು ಓಡಾಡಿದವರಿಗೆ ನಾನು ಹೇಳುವುದು ಚೆನ್ನಾಗಿ ಅರ್ಥವಾಗುತ್ತದೆ.

ಊರೂ ನೋವಿನ ಕಥೆ ಹೇಳುತ್ತದೆ. ಪಾವಗಡದ ಕಡೆಯವರು ಮೈಯೆಲ್ಲ ಬಿಗಿ, ಕತ್ತು ತಿರುಗಲ್ಲ ಅಂದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅನ್ನುವ ಲವಣ ಜಾಸ್ತಿ ಇದೆಯಾ ಅಂತ ಕೇಳಬೇಕು. ನಮ್ಮದೇ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕಾಣಿಸಿಕೊಂಡ ಕಾಯಿಲೆ, ಸೊಂಟದ ಕೀಲು ಸವೆದು ಜನ ಕುಂಟುವ ಹಾಗೆ ಮಾಡಿದ್ದು, ನಿಮಗೆ ನಾನು ಹೇಳಬೇಕಿಲ್ಲ.

ಈಗ ಮಾತ್ರೆಗಳ ವಿಷಯ. ಹೋದ ವರ್ಷ 68 ವರ್ಷದ ರೈತರೊಬ್ಬರು ಕಾಲು ಊದಿಸಿಕೊಂಡು ಬಂದರು. ಏನೇನು ಮಾತ್ರೆ ತಗೊಳ್ತೀರಿ ಅಂದೆ. ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದರು. ಬಿಪಿ ಮಾತ್ರೆ, ಅದರ ಜೊತೆ ಮೂತ್ರ ಹೋಗಿಸುವ ಮಾತ್ರೆ, ಆಮೇಲೆ ಕತ್ತರಿಸಿದ ಮೂರು ತುಂಡು ಪಟ್ಟಿ. ಒಂದು ಗುಲಾಬಿ, ಒಂದು ಬಿಳಿ, ಒಂದು ಹಳದಿ. ಒಂದೊಂದನ್ನೇ ಬೆರಳಿನಿಂದ ತಳ್ಳಿ ತೋರಿಸಿದರು. "ಇದು ಮಂಡಿಗೆ, ಇದು ಸೊಂಟಕ್ಕೆ, ಇದು ಭುಜಕ್ಕೆ." ತಿರುಗಿಸಿ ನೋಡಿದರೆ ಎರಡರಲ್ಲಿ ಡೈಕ್ಲೋಫಿನಾಕ್, ಒಂದರಲ್ಲಿ ಅದರ ತಮ್ಮನ ಹಾಗಿರುವ ಅಸಿಕ್ಲೋಫಿನಾಕ್. ಹೆಚ್ಚುಕಡಿಮೆ ಒಂದೇ ಔಷಧಿಯನ್ನು ಮೂರು ಹೆಸರಿನಲ್ಲಿ ದಿನಾ ನುಂಗುತ್ತಿದ್ದರು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 2.6 ಆಗಿತ್ತು. ಬಿಪಿ ಮಾತ್ರೆಗಳಲ್ಲಿ ಕೆಲವು, ಮೂತ್ರದ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ರಕ್ತ ಹರಿಯುವುದೇ ಕಡಿಮೆಯಾಗುತ್ತದೆ. ವಾಂತಿ ಭೇದಿ ಆದ ದಿನವಂತೂ ಇನ್ನೂ ಅಪಾಯ. ಅವರ ಪುಣ್ಯ, ಮಾತ್ರೆ ನಿಲ್ಲಿಸಿದ ಮೇಲೆ ಒಂದು ತಿಂಗಳಿಗೆ 1.5ಕ್ಕೆ ಇಳಿಯಿತು.

ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿವೆ. 2012ರಲ್ಲಿ ಅದನ್ನು ರಣಹದ್ದುಗಳ ಅಭಯಾರಣ್ಯ ಅಂತ ಮಾಡಿದರು. ದೇಶದಲ್ಲಿ ರಣಹದ್ದುಗಳ ಕೆಲವು ಜಾತಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತುಹೋಗಿದ್ದು ಯಾತರಿಂದ ಗೊತ್ತಾ? ನೋವಿಗೆ ಅಂತ ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್‌ನಿಂದ. ಸತ್ತ ದನ ತಿಂದ ಹದ್ದುಗಳ ಕಿಡ್ನಿ ಹೋಯಿತು. 2006ರಲ್ಲಿ ದನಗಳಿಗೆ ಅದನ್ನು ನಿಷೇಧ ಮಾಡಿದರು. ಆದರೂ ಮನುಷ್ಯರಿಗೆ ಅಂತ ಬರುತ್ತಿದ್ದ ದೊಡ್ಡ ಬಾಟಲಿಗಳನ್ನು ದನಗಳಿಗೆ ಬಳಸುತ್ತಿದ್ದರು. 2015ರಲ್ಲಿ ಅಂಥ ಬಾಟಲಿಗಳನ್ನೂ ನಿಲ್ಲಿಸಿದರು. ಮನುಷ್ಯನ ಕಿಡ್ನಿ ಹದ್ದಿನ ಕಿಡ್ನಿ ಅಲ್ಲ, ನಿಜ. ಉಳುಕಿದಾಗ, ಹಲ್ಲು ನೋವಿಗೆ ಮೂರು ನಾಲ್ಕು ದಿನ ತಗೊಂಡರೆ ಡೈಕ್ಲೋಫಿನಾಕ್ ಒಳ್ಳೆಯ ಔಷಧಿ. ವರ್ಷಗಟ್ಟಲೆ ನುಂಗುವ ಔಷಧಿ ಅದಲ್ಲ. ಮಂಡಿ ಸವೆತಕ್ಕೆ ಅದೇ ಔಷಧಿಯ ಮುಲಾಮು ಹಚ್ಚಿ, ಮೈಗೆ ಸೇರುವುದು ತುಂಬಾ ಕಡಿಮೆ. ಕುರ್ಚಿಯ ಮೇಲೆ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಿರಿ. ದಿನಕ್ಕೆ ಎರಡು ಹೊತ್ತು ಮಾಡಿ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆರಾಮ.

ಪ್ಯಾರಸಿಟಮಾಲ್ ಕಿಡ್ನಿ ಮಟ್ಟಿಗೆ ಇದಕ್ಕಿಂತ ವಾಸಿ. ಆದರೆ ದೊಡ್ಡವರಿಗೂ ದಿನಕ್ಕೆ ನಾಲ್ಕು ಗ್ರಾಂ ಮೀರಬಾರದು, ಸೊರಗಿದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತದೆ, ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ಮತ್ತೆ, ತಲೆನೋವಿಗೆ ಅಂತ ತಿಂಗಳಲ್ಲಿ ಹದಿನೈದು ದಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರುತ್ತಿರಬಹುದು.

"ಒಂದು ಸೂಜಿ ಹಾಕಿ ಕಳಿಸಿ" ಅನ್ನುವವರಿಗೆ ನಾನು ಇಲ್ಲ ಅಂದರೆ ಬೇಜಾರಾಗುತ್ತದೆ, ಗೊತ್ತು. ಹೊಟ್ಟೆಗೆ ತಗೊಳ್ಳೋಕೆ ಆಗುವವರಿಗೆ ಸೂಜಿಯಿಂದ ಹೆಚ್ಚಿನ ಲಾಭ ಇಲ್ಲ. ಪೃಷ್ಠಕ್ಕೆ ತಪ್ಪು ಜಾಗದಲ್ಲಿ ಚುಚ್ಚಿದರೆ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳುತ್ತದೆ. ಅಂಥ ಇಬ್ಬರನ್ನು ನಾನೇ ನೋಡಿದ್ದೇನೆ. ಇನ್ನು ಹೆಸರಿಲ್ಲದ ಪೊಟ್ಟಣದ ಮಾತ್ರೆ. ತಗೊಂಡ ಎರಡೇ ದಿನಕ್ಕೆ ಎಲ್ಲ ನೋವೂ ಮಾಯ, ಹಸಿವು ಜೋರು, ಆರು ತಿಂಗಳಿಗೆ ಮುಖ ದುಂಡಗೆ ಊದಿರುತ್ತದೆ. ಅದು ಸ್ಟೆರಾಯ್ಡ್. ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ನೀವು ತಗೊಳ್ಳುತ್ತಿದ್ದರೆ ಇವತ್ತೇ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಪೊಟ್ಟಣ ತಗೊಂಡು ಬನ್ನಿ. ನಾನು ಬೈಯುವುದಿಲ್ಲ, ನಿಧಾನಕ್ಕೆ ಇಳಿಸೋಣ.

ಇಷ್ಟು ಹೊತ್ತು ಮಾತ್ರೆ ಕಡಿಮೆ ಮಾಡಿ ಅಂದೆ. ಒಂದು ಕಡೆ ಮಾತ್ರ ಇದರ ತದ್ವಿರುದ್ಧ ಹೇಳಬೇಕು. ಕ್ಯಾನ್ಸರ್ ನೋವು.

ನಮ್ಮ ಕಡೆ ಎಲೆ ಅಡಿಕೆ, ಗುಟ್ಕಾ ಜಾಸ್ತಿ, ಬಾಯಿ ಕ್ಯಾನ್ಸರ್ ಕೂಡ ಜಾಸ್ತಿ. ದವಡೆಗೆ ಹರಡಿದ ಮೇಲೆ ಆ ನೋವು ಹೇಗಿರುತ್ತದೆ ಅಂತ ಮನೆಯವರಿಗೆ ಗೊತ್ತು. ಅದಕ್ಕೆ ಮಾರ್ಫಿನ್ ಇದೆ, ಅಫೀಮಿನಿಂದ ತೆಗೆಯುವ ಔಷಧಿ, ಬಾಯಿಂದ ಕೊಡುವ ಸಣ್ಣ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತು, ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಏರಿಸಿ, ಮೇಲಿನ ಮೆಟ್ಟಿಲಲ್ಲಿ ಮಾರ್ಫಿನ್ ಕೊಡಿ ಅಂತ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲಿ ಅಫೀಮು ಬೆಳೆಯುವ ದೇಶ ನಮ್ಮದು. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ರಾಶಿಗೆ, ಜೈಲಿನ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ತಲೆಮಾರಿನ ಡಾಕ್ಟರುಗಳು ಅದನ್ನು ಬರೆಯುವುದನ್ನೇ ಕಲಿಯಲಿಲ್ಲ. ನಾನೂ ಅವರಲ್ಲಿ ಒಬ್ಬ. ಪಕ್ಕದ ಕೇರಳದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ನೋವಿನ ಕ್ಲಿನಿಕ್ ಶುರು ಮಾಡಿ ದಾರಿ ತೋರಿಸಿದರು. 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ತರಬೇತಿ ಆದ ಡಾಕ್ಟರ್ ಇರುವ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸುಲಭವಾಯಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಉಪಶಮನ ಚಿಕಿತ್ಸೆ, ಅಂದರೆ ಕಾಯಿಲೆ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸುವ ಚಿಕಿತ್ಸೆ ಇದೆ. ಅದೇ ಊರಿನ ಕರುಣಾಶ್ರಯದಲ್ಲಿ ಕೊನೇ ಹಂತದ ಕ್ಯಾನ್ಸರಿನವರನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಕ್ಯಾನ್ಸರಿಗೆ ಚಿಕಿತ್ಸೆ ಮುಗಿಯಿತು, ಮನೆಗೆ ಕರ್ಕೊಂಡು ಹೋಗಿ ಅಂದರೆ, ನೋವಿಗೆ ಏನು ಕೊಡುತ್ತೀರಿ ಅಂತ ಕೇಳದೆ ಅಲ್ಲಿಂದ ಏಳಬೇಡಿ.

ಒಬ್ಬ ಹುಡುಗ ತನ್ನ ತಂದೆಗೆ ಮಾರ್ಫಿನ್ ಬರೆಸಿಕೊಂಡು ತಂದ, ಆದರೆ ತಂದೆಗೆ ಕೊಟ್ಟಿರಲಿಲ್ಲ. ಮಾತ್ರೆ ಪಟ್ಟಿ ಹಾಗೇ ಜೇಬಿನಲ್ಲಿತ್ತು. "ಇದು ಕೊಟ್ರೆ ಅಪ್ಪ ಹೋಗಿಬಿಡ್ತಾರೆ ಅಂತಾರೆ, ಇದು ಕೊನೇದು ಅಲ್ವಾ ಸರ್?" ಅಂತ ಕೇಳಿದ. ಅಲ್ಲ. ನೋವಿಗೆ ತಕ್ಕ ಅಳತೆಯಲ್ಲಿ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಟ್ಟರೆ ಅದು ಜೀವ ತೆಗೆಯುವುದಿಲ್ಲ. ಚಟದ ಭಯಕ್ಕೆ ಇಂಥ ನೋವಿನಲ್ಲಿ ಅರ್ಥವೇ ಇಲ್ಲ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ, ಮೊದಲ ದಿನದಿಂದ ಅದಕ್ಕೂ ಔಷಧಿ ಜೊತೆಗೇ ಕೊಡಬೇಕು. ಅವತ್ತು ಸಂಜೆ ನಾನೇ ಮನೆಗೆ ಹೋಗಿ ಮೊದಲ ಮಾತ್ರೆ ಕೊಟ್ಟೆ. ಮೂರನೇ ದಿನ ಹೋದಾಗ ಅವರು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗಂಜಿ ಕುಡಿದಿದ್ದರು. ಮಾತಾಡೋಕೆ ಆಗುತ್ತಿರಲಿಲ್ಲ, ತೋಟದ ಕಡೆ ಕೈ ತೋರಿಸಿದರು, ಅಡಿಕೆ ಕೊನೆ ಕೊಯ್ಯುವವರು ಬಂದಿದ್ದರು. ಇನ್ನೂ ಎರಡು ತಿಂಗಳು ಇದ್ದರು.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಪಿಯುಸಿ ಓದುವ ಹುಡುಗಿ ಎದ್ದು ನಿಂತಳು. ಗಂಡಸರೇ ಜಾಸ್ತಿ ಇದ್ದ ಸಭೆ. ಕೇಳಿದ್ದೇ ದೊಡ್ಡದು. "ಮುಟ್ಟಿನ ನೋವಿಗೆ ಮಾತ್ರೆ ತಗೊಂಡ್ರೆ ಮುಂದೆ ಮಕ್ಕಳಾಗಲ್ಲ ಅಂತಾರೆ, ನಿಜವಾ?"

ಸುಳ್ಳು. ಗರ್ಭಕೋಶ ಹಿಂಡುವ ಹಾಗೆ ಮಾಡುವ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕವನ್ನು ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆ ನೇರವಾಗಿ ತಡೆಯುತ್ತದೆ. ನೋವು ಶುರುವಾಗುತ್ತಿದ್ದ ಹಾಗೇ ಊಟ ಮಾಡಿ ತಗೊಳ್ಳಬೇಕು, ತಡೆಯೋಕೆ ಆಗದಷ್ಟು ಆಗುವವರೆಗೆ ಕಾಯಬಾರದು. ಎರಡು ಮೂರು ದಿನದ ಮಾತು, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇಲ್ಲದವರಿಗೆ ಸಾಮಾನ್ಯವಾಗಿ ಭಯವಿಲ್ಲ. ಆದರೆ ಮಾತ್ರೆ ತಗೊಂಡರೂ ಕಾಲೇಜು ತಪ್ಪುತ್ತಿದ್ದರೆ, ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಮಲ ವಿಸರ್ಜನೆಗೂ ನೋವಾಗುತ್ತಿದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯುವ ಕಾಯಿಲೆ ಇರಬಹುದು. ಎಲ್ಲರಿಗೂ ಇರುತ್ತದೆ, ಸಹಿಸ್ಕೋ ಅಂತ ಮನೆಯಲ್ಲಿ ಹೇಳಿ ಹೇಳಿ ಅದನ್ನು ಪತ್ತೆ ಮಾಡೋಕೆ ವರ್ಷಗಳೇ ಹಿಡಿಯುತ್ತವೆ.

"ಎಷ್ಟು ದಿನ ಕಾಲೇಜು ತಪ್ಪುತ್ತೆ?" ಅಂತ ಕೇಳಿದೆ. ತಿಂಗಳಿಗೆ ಮೂರು ಅಂದಳು. "ಯಾವ ಥರದ ನೋವು?" ಅಂದೆ. ಅವಳು ಸ್ವಲ್ಪ ಯೋಚಿಸಿ, "ಒದ್ದೆ ಬಟ್ಟೆ ಹಿಂಡ್ತಾರಲ್ಲ, ಹಾಗೆ. ಸೊಂಟದಿಂದ ತೊಡೆಗೆ ಎಳೀತದೆ" ಅಂದಳು. ಪಕ್ಕದಲ್ಲಿ ಕೂತಿದ್ದ ಅಮ್ಮ ತಲೆ ಎತ್ತಿ ಅವಳನ್ನೇ ನೋಡಿದರು. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನನಗಾಗಿ ಕಾದಿದ್ದು, ಕ್ಲಿನಿಕ್ ಎಷ್ಟು ಗಂಟೆಗೆ ತೆಗೀತೀರಿ ಅಂತ ಕೇಳಿದರು. ಒಂಬತ್ತೂವರೆಗೆ ಅಂದೆ.